ಗಾಲಿಮನೆಯ ಮೂತಿಭಾರ

ಪಿಕಪ್ಪಿನ ಎಡಗಡೆಯ ಕನ್ನಡಿಯಲ್ಲಿ ನಮ್ಮ ಮನೆ ನಮ್ಮ ಹಿಂದೆಯೇ ಬರುತ್ತಿತ್ತು. ತಗಡಿನ ಗೋಡೆ, ತಗಡಿನ ಮಾಡು, ಬದಿಗೊಂದು ಸಣ್ಣ ಕಿಟಕಿ, ಕೆಳಗೆ ಎರಡು ಗಾಲಿ, ಪಿಕಪ್ಪಿನ ಕೊಂಡಿಗೆ ಸಿಕ್ಕಿಸಲು ಮುಂದೊಂದು ಕಬ್ಬಿಣದ ಮೂತಿ. ರಸ್ತೆ ತಿರುಗಿದಾಗ ಮನೆಯೂ ತಿರುಗುತ್ತಿತ್ತು, ನಾವು ನಿಂತಾಗ ಅದೂ ನಿಲ್ಲುತ್ತಿತ್ತು. ಜೇನುಪೆಟ್ಟಿಗೆ ಹೇರಿಕೊಂಡು ಹೂವಿದ್ದಲ್ಲಿಗೆ ಹೋಗುವ ನಮಗೆ ವರ್ಷದ ಎಂಟು ತಿಂಗಳು ಅದೇ ಅಡುಗೆಮನೆ, ಅದೇ ಹಾಸಿಗೆ, ಅದೇ ಉಗ್ರಾಣ. ಕಟ್ಟಿದವನು ನನ್ನ ಮೈದುನ ಗುರುಮಲ್ಲ. ಮುರಿದ ಟ್ರ್ಯಾಕ್ಟರ್ ಟ್ರೇಲರಿನ ಚೌಕಟ್ಟು ತಂದು, ಮೂರು ತಿಂಗಳು ಬೆಸುಗೆ ಹಾಕಿ ಹಾಕಿ, ಕಣ್ಣು ಕೆಂಪು ಮಾಡಿಕೊಂಡು ಅದನ್ನು ಎಬ್ಬಿಸಿದ್ದ. ಎಬ್ಬಿಸಿ ಎರಡು ವರ್ಷಕ್ಕೆ ಜ್ವರ ಬಂದು ತೀರಿಕೊಂಡ.

ನಾನು ಹೇಳುತ್ತಿರುವುದು ಅವನು ಸತ್ತ ಮರುವರ್ಷದ ಮಾತು. ಸೂರ್ಯಕಾಂತಿಯ ತಲೆಗಳು ಕಪ್ಪಾಗಿ ನೆಲ ನೋಡುತ್ತಿದ್ದ ಕಾಲ. ಹೂವು ಮುಗಿದಿತ್ತು, ನಾವು ಘಾಟಿ ಇಳಿದು ಕೆಳಸೀಮೆಯ ತೋಟಗಳಿಗೆ ಹೋಗಬೇಕಿತ್ತು. ಹಿಂದಿನ ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಯಿಗೆ ತಂತಿಬಲೆ ಬಡಿದಿದ್ದೆವು. ಬೆಳಕು ಹರಿಯುವ ಹೊತ್ತಿಗೆ ನನ್ನ ಯಜಮಾನರು ಒಂದೊಂದೇ ಪೆಟ್ಟಿಗೆಯನ್ನು ಪಿಕಪ್ಪಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದರು. ನಾನು ತುಪ್ಪದ ಡಬ್ಬಿಗಳನ್ನು ಗಾಲಿಮನೆಯೊಳಗೆ ಜೋಡಿಸುತ್ತಿದ್ದೆ. ಜೇನುತುಪ್ಪಕ್ಕೆ ನಾವು ಬರಿಯ ತುಪ್ಪವೆಂದೇ ಅನ್ನುವುದು. ಮನೆಯ ಬಾಗಿಲು ಹಿಂಬದಿಗೆ ಇದ್ದುದರಿಂದ ಡಬ್ಬಿಗಳು ಬಾಗಿಲ ಪಕ್ಕದಲ್ಲೇ ನಿಲ್ಲುತ್ತಿದ್ದವು. ಇಳಿಸಲು ಸಲೀಸು.

"ನಲವತ್ತು ಪೆಟ್ಗೆ, ಹದ್ನಾಕು ಡಬ್ಬಿ," ಎಂದರು ಯಜಮಾನರು ಕೈ ಒರೆಸಿಕೊಳ್ಳುತ್ತಾ. "ಹೋದ್ವರ್ಷ ಇಳ್ಸಿದ್ದೂ ಇಷ್ಟೇಯ. ಇನ್ನೇನು ತೂಕ ನೋಡೋದು."

ಅಲ್ಲೇ ನಾವು ಎಡವಿದ್ದು. ಹೋದ ವರ್ಷ ಹೂವು ಬೇಗ ಬಾಡಿ ಪೆಟ್ಟಿಗೆಗಳು ಹಗುರಾಗಿದ್ದವು. ಈ ಸಲ ಹೂವು ಎರಡು ವಾರ ಹೆಚ್ಚು ನಿಂತಿತ್ತು. ಒಂದೊಂದು ಪೆಟ್ಟಿಗೆಯೂ ಒಳಗೇ ತುಂಬಿ ಬಸುರಿಯ ಹಾಗೆ ಕೂತಿತ್ತು. ನಾವು ಜೇನಿನವರು ಎಲ್ಲವನ್ನೂ ಎಣಿಸುತ್ತೇವೆ. ತೂಗುವುದು ಮಾರುವಾಗ ಮಾತ್ರ.

ನಾವಿದ್ದದ್ದು ಮೂವರು. ಮೂರನೆಯವಳು ಗುರುಮಲ್ಲನ ಹೆಂಡತಿ ಚಿಕ್ಕತಾಯಿ, ನನ್ನ ವಾರಗಿತ್ತಿ. ನಮ್ಮವರಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಸೆರಗು ತಲೆಯ ಮೇಲಿರಬೇಕು, ಹೇಳುವುದನ್ನು ಅಕ್ಕನಿಗೆ ಹೇಳಬೇಕು, ಅಕ್ಕ ಭಾವನಿಗೆ ಹೇಳಬೇಕು. ಭಾವ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರೂ ಸರಿ, ನಾನು ಮತ್ತೊಮ್ಮೆ ಹೇಳಿದ ಮೇಲೆಯೇ ಅವರು "ಹೂಂ" ಅನ್ನುವುದು. ಅವರ ಪಕ್ಕ ಅವಳು ಕೂರುವಂತಿರಲಿಲ್ಲ. ಆದ್ದರಿಂದ ಪಿಕಪ್ಪಿನಲ್ಲಿ ಮೂವರಿಗೆ ಜಾಗವಿದ್ದರೂ ಅವಳು ಗಾಲಿಮನೆಯೊಳಗೆ ಕೂತು ಬರುತ್ತಿದ್ದಳು.

ಹೀಗೆ ಅವಳ ಮಾತೆಲ್ಲ ನನ್ನ ಬಾಯಿಂದಲೇ ಹೋಗಬೇಕಿತ್ತು. ನಾನು ಅದನ್ನು ಇದ್ದ ಹಾಗೆ ಕಳಿಸುತ್ತಿದ್ದೆನೆಂದು ಹೇಳಲಾರೆ. ಒಳ್ಳೆಯ ಮಾತಾದರೆ ನನ್ನದೆಂದು ಹೇಳುತ್ತಿದ್ದೆ. ಕೇಳಿಕೆಯಾದರೆ ಹಟವೆಂದು ಹೇಳುತ್ತಿದ್ದೆ. "ನೆರಳಿಗೆ ಮಡಗಿದ್ರೆ ಹುಳಕ್ಕೆ ತಂಪು" ಎಂದು ಅವಳಂದರೆ, "ನಿಮ್ಗೆ ಜಾಗ ನೋಡಕ್ಕೇ ಬರಲ್ವಂತೆ" ಎಂದು ಮುಟ್ಟಿಸುತ್ತಿದ್ದೆ.

ನನ್ನ ಹೊಟ್ಟೆಯುರಿಗೆ ಕಾರಣ ಒಂದು ಯಂತ್ರ. ಮೇಣದ ಹಾಳೆಗೆ ಆರು ಮೂಲೆಯ ಕಣ್ಣು ಒತ್ತುವ ಎರಕದ ಯಂತ್ರ. ಎರಡು ಉರುಳೆ, ಒಂದು ಹಿಡಿ, ಕಬ್ಬಿಣದ ಕಾಲು. ಆ ಹಾಳೆಯನ್ನು ಪೆಟ್ಟಿಗೆಯೊಳಗಿನ ಚೌಕಟ್ಟಿಗೆ ಕಟ್ಟಿಕೊಟ್ಟರೆ ಹುಳುಗಳು ಬೇಗ ಜೇನುಹುಟ್ಟಿನ ಎರಿ ಕಟ್ಟುತ್ತವೆ. ಗುರುಮಲ್ಲ ಅದನ್ನು ಎಲ್ಲಿಂದಲೋ ತಂದು ಗಾಲಿಮನೆಯ ಮುಂಗೋಡೆಗೆ ಒತ್ತಿ, ನೆಲಕ್ಕೆ ನಾಲ್ಕು ಬೋಲ್ಟು ಹಾಕಿ ಕೂರಿಸಿ, ಹೆಂಡತಿಗೆ ಕಲಿಸಿದ್ದ. ಅವನು ಸತ್ತ ಮೇಲೆ ಅವಳಿಗೆ ಉಳಿದದ್ದು ಅದೊಂದೇ. ನಾವು ಯಾವ ಊರಲ್ಲಿ ಬೀಡು ಬಿಟ್ಟರೂ ಸುತ್ತಲಿನ ಜೇನಿನವರು ಮೇಣದ ಉಂಡೆ ಕಟ್ಟಿಕೊಂಡು ಬಂದು, "ತಾಯಮ್ಮ ಅವ್ರಾ?" ಎಂದು ಚಿಕ್ಕತಾಯಿಯನ್ನೇ ಕೇಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದರೂ ನನ್ನನ್ನು ದಾಟಿಕೊಂಡು ಒಳಗೆ ಇಣುಕುತ್ತಿದ್ದರು.

ಘಾಟಿಯ ತಲೆಯಲ್ಲಿ ಗಾಡಿ ತೂಗುವ ಒಂದು ವೇಬ್ರಿಡ್ಜು. ಹಿಂದೆ ಎರಡು ಗಾಡಿಗಳು ಇಳಿಜಾರಿನಲ್ಲಿ ಬ್ರೇಕು ಸೋತು ಉರುಳಿದ ಮೇಲೆ, ತೂಕ ಮಾಡಿಸದೆ ಯಾವ ಜೋಡಿಗಾಡಿಯನ್ನೂ ಕೆಳಗೆ ಬಿಡುತ್ತಿರಲಿಲ್ಲ. ಅಲ್ಲಿ ತೂಗುತ್ತಿದ್ದವರು ಖಾದರ್ ಸಾಬರು. ಕಿವಿಯ ಮೇಲೊಂದು ಪೆನ್ಸಿಲ್, ಮುಖದ ಮೇಲೆ ಯಾವಾಗಲೂ ಯಾರೋ ಮೋಸ ಮಾಡಲು ಬಂದಿದ್ದಾರೆ ಎಂಬ ಬಿಗುವು.

"ಪಿಕಪ್ಪು, ಮನೆ ಸೇರಿ ಮೂರು ಸಾವ್ರದ ಎಂಟುನೂರು ಕೆಜಿ ಮೀರಂಗಿಲ್ಲ. ನಿಮ್ದು ಎಂಬತ್ತೈದು ಕೆಜಿ ಜಾಸ್ತಿ ಐತೆ," ಎಂದರು ಕಿಟಕಿಯಿಂದಲೇ.

"ಹೋದ್ವರ್ಷ ಇದೇ ಲೆಕ್ಕ ಸಾಬ್ರೇ," ಎಂದರು ಯಜಮಾನರು.

"ಹೋದ್ವರ್ಷ ನೀನೂ ತೆಳ್ಳಗಿದ್ದೆ. ಇಳ್ಸು."

"ಎಂಬತ್ತೈದಕ್ಕೆ ಏನಾಗೋಯ್ತದೆ?"

"ಕೆಳಗೆ ಉರುಳ್ಬಿದ್ದೋರ್ನ ಕೇಳ್ಕೊಂಡು ಬಾ, ಆಮೇಲೆ ಬಿಡ್ತೀನಿ." ಅವರು ಕಿಟಕಿ ಎಳೆದುಕೊಂಡರು.

ನಾಲ್ಕು ಡಬ್ಬಿ ತುಪ್ಪ ಇಳಿಸಿದರೆ ಸಾಕಿತ್ತು. ಗಾಡಿಯಿಂದ ಇಳಿದು ಬಂದು ಬಾಗಿಲ ಹತ್ತಿರ ನಿಂತಿದ್ದ ಚಿಕ್ಕತಾಯಿ ಅದನ್ನೇ ಮೆಲ್ಲಗೆ ಅಂದಳು. ನಾನು ಅದನ್ನು ಯಜಮಾನರವರೆಗೆ ಹೋಗಗೊಡಲಿಲ್ಲ.

"ತುಪ್ಪ ಇಲ್ಲಿ ಬುಟ್ಟು ಹೋಗಿ ನಾವೇನು ತಗಡು ನೆಕ್ಕೋದಾ?" ಎಂದೆ ಎಲ್ಲರಿಗೂ ಕೇಳುವಂತೆ. "ಆ ಯಂತ್ರ ಇಳ್ಸಿ. ಕೆಳಸೀಮೇಲಿ ಯಾರೂ ಮೇಣ ಒತ್ತುಸ್ಕೊಳಕ್ಕೆ ಬರಲ್ಲ. ಸುಮ್ನೆ ಕಬ್ಬಿಣ ಹೊತ್ಕೊಂಡು ತಿರುಗ್ತಾವ್ರೆ, ದೇವರ ಹಂಗೆ."

ಚಿಕ್ಕತಾಯಿ ನನ್ನ ಕಡೆ ತಿರುಗಿದಳು. "ಕೈ ಕಡಿದು ಇಲ್ಲಿಟ್ಟೋಗು ಅಂದಂಗಾಯ್ತು ಅಕ್ಕ."

"ಕೈ ಎಲ್ಲೋಗಲ್ಲ. ಸಾಬರ ಕೋಣೇಲಿ ಭದ್ರವಾಗಿರ್ತದೆ."

ಯಜಮಾನರು ಸ್ಪ್ಯಾನರು ಹುಡುಕತೊಡಗಿದರು. ಯಂತ್ರ ತೂಗಿದಾಗ ತೊಂಬತ್ತೆರಡು ಕೆಜಿ ಬಂತು. ಗಾಲಿಮನೆಯ ಮುಂಗೋಡೆಯ ಬುಡದಲ್ಲಿ ನಾಲ್ಕು ತೂತುಗಳು ಮಾತ್ರ ಉಳಿದವು. ಅವರು ಯಂತ್ರವನ್ನು ಸಾಬರ ಜೊತೆ ಹೊತ್ತು ಕೋಣೆಯತ್ತ ಹೋಗುವಾಗ ಚಿಕ್ಕತಾಯಿ ನನ್ನ ತೋಳು ಹಿಡಿದಳು. ಅವಳು ನನ್ನನ್ನು ಮುಟ್ಟಿ ಮಾತಾಡಿದ್ದು ಅಪರೂಪ.

"ಅಕ್ಕ, ಇದೊಂದು ಮಾತ ಭಾವಾರ್ಗೆ ನಾನು ಹೇಳ್ದಂಗೇ ಹೇಳಿ. ಯಂತ್ರ ತೆಗುದ್ಮೇಲೆ ಮನೆ ಮೂತಿ ಹಗುರಾಯ್ತದೆ. ಡಬ್ಬಿ ಎಲ್ಲ ಬಾಲ್ದಲ್ಲಿ ಅವೆ. ಅವನ್ನ ಮುಂದಕ್ಕೆ ಮಡಗ್ಬೇಕು. ನಮ್ಮನೆಯೋರು ಹೇಳ್ತಿದ್ರು, ಕೊಂಡಿಯಿಂದ ಮೂತಿ ಎತ್ತೋಕೆ ಇಬ್ರು ತಿಣುಕ್ಬೇಕಂತೆ. ಒಬ್ರೇ ಎತ್ತೋಂಗಾದ್ರೆ ಇಳಿಜಾರ್ಗೆ ಇಳುಸ್ಲೇಬಾರ್ದಂತೆ. ಹಿಂದ್ಲ ಭಾರ ಮನೇನ ಆಡುಸ್ಬುಡ್ತದಂತೆ."

"ಹೇಳ್ತೀನಿ," ಎಂದೆ.

ಯಜಮಾನರು ತಿರುಗಿ ಬಂದಾಗ ಕೇಳಿದರು: "ಏನಂತೆ?"

ನನಗೆ ಇಂದಿಗೂ ಆ ಕ್ಷಣ ಚೆನ್ನಾಗಿ ನೆನಪಿದೆ. ಯೋಚಿಸಿ ಸುಳ್ಳು ಹೇಳಿದೆನೆಂದು ಅಲ್ಲ. ಸತ್ತ ಮೇಲೂ ಗಂಡನ ಮಾತು ನಡೆಯಬೇಕೆಂಬ ಅವಳ ಧೋರಣೆ ಮೈ ಉರಿಸಿತು, ಅಷ್ಟೇ.

"ಯಂತ್ರಕ್ಕೆ ಗೋಣಿ ಹೊದುಸ್ಬೇಕಂತೆ. ತುಕ್ಕು ಹಿಡೀತದಂತೆ."

ಅವರು ಹೋಗಿ ಗೋಣಿ ಹೊದಿಸಿ ಬಂದರು. ಆಮೇಲೆ, ಬೇರೆ ಬೇರೆ ತೂಗಲೆಂದು ಬಿಚ್ಚಿದ್ದ ಗಾಲಿಮನೆಯ ಮೂತಿಯನ್ನು ಒಬ್ಬರೇ ಒಂದೇ ಎಳೆತಕ್ಕೆ ಎತ್ತಿ ಕೊಂಡಿಗೆ ಹಾಕಿದರು. "ನೋಡಮ್ಮಿ, ಹೂವೆತ್ತಿದಂಗೆ," ಎಂದು ನಕ್ಕರು. ಅದುವರೆಗೆ ಮನೆಯ ಮೂತಿ ಕೂತೊಡನೆ ಕುಸಿಯುತ್ತಿದ್ದ ಪಿಕಪ್ಪಿನ ಬೆನ್ನು ಆ ದಿನ ನೆಟ್ಟಗೆ ನಿಂತಿತ್ತು. ನೋಡಿದವರು ಯಾರೇ ಆದರೂ ಗಾಡಿ ಸರಿಹೋಯಿತು ಎನ್ನಬೇಕು. ಸಾಬರೂ ಹಾಗೆಯೇ ತಲೆ ಆಡಿಸಿದರು. ಅವರ ತಕ್ಕಡಿಗೆ ಒಟ್ಟು ಭಾರವೊಂದೇ ಗೊತ್ತಿದ್ದದ್ದು.

ಗಾಲಿಮನೆಯ ಬಾಗಿಲಿಗೆ ಅಗುಳಿ ಹೊರಗಿನಿಂದ. ಹಾಕುವುದು ನನ್ನ ಕೆಲಸ. ಒಳಗೆ ಕೂತ ಚಿಕ್ಕತಾಯಿ ಬಾಗಿಲ ಪಕ್ಕದ ಡಬ್ಬಿಗಳನ್ನು ನೋಡಿ, ನನ್ನನ್ನು ನೋಡಿದಳು.

"ಹೇಳಿದ್ರಾ?"

"ಹೇಳ್ದೆ. ಏನೂ ಆಗಲ್ಲ ಅಂದ್ರು."

ಅಗುಳಿ ಹಾಕಿದೆ.

ಮೊದಲ ಇಳಿಜಾರಿನ ಅರ್ಧಕ್ಕೆ ಬಂದಾಗ ಕನ್ನಡಿಯಲ್ಲಿ ಮನೆ ಒಂದಿಷ್ಟು ಎಡಕ್ಕೆ ಸರಿಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಮೊದಲಿಗಿಂತ ಹೆಚ್ಚು. ಪಿಕಪ್ಪಿನ ಬೆನ್ನನ್ನು ಯಾರೋ ಹಿಡಿದು ಅಲ್ಲಾಡಿಸಿದಂತಾಯಿತು.

"ಗಾಳಿ," ಎಂದರು ಯಜಮಾನರು. ಸ್ಟೀರಿಂಗು ಬಿಗಿಹಿಡಿದು ವೇಗ ಕಡಿಮೆ ಮಾಡಿದರು. ಆಟ ನಿಂತಿತು. ಹಿಂದಿನಿಂದ ಲಾರಿಗಳು ಹಾರನ್ನು ಬಾರಿಸುತ್ತಿದ್ದವು. ಪಕ್ಕಕ್ಕೆ ನಿಲ್ಲಿಸಲು ಜಾಗವಿರಲಿಲ್ಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ.

ಮರದೆಲೆ ಅಲ್ಲಾಡುತ್ತಿರಲಿಲ್ಲ. ಗಾಳಿಯಲ್ಲವೆಂದು ನನಗೆ ಗೊತ್ತಿತ್ತು.

ಎರಡನೆಯ ಇಳಿಜಾರಿನಲ್ಲಿ ಮನೆ ಕನ್ನಡಿಯಿಂದ ಪೂರಾ ಹೊರಗೆ ಹೋಯಿತು. ಕನ್ನಡಿಯಲ್ಲಿ ಬರಿಯ ಆಕಾಶ, ಬರಿಯ ರಸ್ತೆ. ಮರುಕ್ಷಣ ಇಡೀ ಮನೆ ಕನ್ನಡಿ ತುಂಬಿಕೊಂಡು ನುಗ್ಗಿತು, ಕಿಟಕಿಯ ಬಾಗಿಲು ಬಡಿಯುತ್ತಿತ್ತು. ಹೊರಗಾಲಿ ರಸ್ತೆಯಂಚಿನ ಜಲ್ಲಿಗೆ ತಾಗಿ ಕಲ್ಲು ಕಣಿವೆಗೆ ಉದುರಿದ ಸದ್ದು ಕೇಳಿಸಿತು. ಯಜಮಾನರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. "ಏನಿದು, ಏನಿದು," ಎಂದು ಒಂದೇ ಸಮನೆ ಗೊಣಗುತ್ತಿದ್ದರು.

ಹೇಳಲು ಒಂದು ಉಸಿರು ಸಾಕಿತ್ತು. ಹೇಳಿದರೆ ಯಾಕೆ ಮೊದಲೇ ಹೇಳಲಿಲ್ಲವೆಂದು ಕೇಳುತ್ತಿದ್ದರು. ನಾನು, "ಮೆಲ್ಲಗೆ ಹೋಗಿ," ಎಂದೆ. ಅಷ್ಟನ್ನೇ ಅಂದೆ. ಒಳಗೆ ಒಬ್ಬಳಿದ್ದಾಳೆ, ಬಾಗಿಲಿಗೆ ನಾನೇ ಅಗುಳಿ ಹಾಕಿದ್ದೇನೆ ಎಂಬುದು ಬಾಯವರೆಗೆ ಬಂದು ಹಿಂದಕ್ಕೆ ಹೋಯಿತು.

ಮೂರನೆಯ ಇಳಿಜಾರು ಎಲ್ಲಕ್ಕಿಂತ ಕಡಿದು. ಯಜಮಾನರು ಕುಲದೇವರ ಹೆಸರು ಹೇಳಿ ಇಳಿಸಿದರು. ನಾನು ಕನ್ನಡಿಯನ್ನೇ ನೋಡುತ್ತಿದ್ದೆ. ಮನೆ ಅಲ್ಲಾಡಲಿಲ್ಲ. ಹಗ್ಗ ಹಿಡಿದು ನಡೆಸಿದ ಎಮ್ಮೆಯ ಹಾಗೆ ತಲೆ ತಗ್ಗಿಸಿಕೊಂಡು ನಮ್ಮ ಹಿಂದೆ ಬಂತು. ಪಿಕಪ್ಪಿನ ಬೆನ್ನು ಹಿಂದಕ್ಕೆ ಕುಸಿದದ್ದು ಕೂತಲ್ಲಿಗೇ ತಿಳಿಯಿತು. ನಮಗೆ ಯಾಕೆಂದು ಅರ್ಥವಾಗಲಿಲ್ಲ.

ಕೆಳಗೆ ಬಯಲು ಸಿಕ್ಕಿದೊಡನೆ ಒಂದು ಹುಣಸೆಮರದಡಿ ನಿಲ್ಲಿಸಿದರು. ಯಜಮಾನರು ಬಾಗಿಲವರೆಗೆ ಓಡಿ ಬಂದು, ಪದ್ಧತಿ ನೆನಪಾಗಿ ಬೆನ್ನು ತಿರುಗಿಸಿ ನಿಂತರು. "ಒಳಗೆ ನೋಡು, ಹೆಂಗವ್ಳೆ."

ಅಗುಳಿ ತೆಗೆದೆ. ಬಾಗಿಲ ಪಕ್ಕದಲ್ಲಿ ಒಂದು ಡಬ್ಬಿಯೂ ಇರಲಿಲ್ಲ. ಹದಿನಾಲ್ಕೂ ಮುಂಗೋಡೆಗೆ ಒತ್ತಿಕೊಂಡು ಎರಡು ಸಾಲಾಗಿ ನಿಂತಿದ್ದವು. ಅವುಗಳ ನಡುವೆ, ಯಂತ್ರದ ನಾಲ್ಕು ತೂತುಗಳ ಮೇಲೆ ಚಿಕ್ಕತಾಯಿ ಕಾಲು ಚಾಚಿ ಕೂತಿದ್ದಳು. ಒಂದೊಂದು ಡಬ್ಬಿ ಇಪ್ಪತ್ತೆರಡು ಕೆಜಿ, ತಂತಿಯ ಹಿಡಿ. ಓಲಾಡುವ ಮನೆಯಲ್ಲಿ ಅವುಗಳನ್ನು ಹೇಗೆ ಹೊತ್ತಳೋ, ಅಂಗೈ ಎರಡೂ ಸೀಳಿದ್ದವು. ಹಣೆಯ ಮೇಲೆ ಬುಗುಟು ಎದ್ದಿತ್ತು.

ಅವಳು ಎದ್ದು ಗೋಡೆ ಹಿಡಿದುಕೊಂಡು ಬಂದು, ನನ್ನ ಕೈ ಹಿಡಿಯದೆ ಇಳಿದಳು. ತಲೆಯ ಮೇಲೆ ಸೆರಗಿರಲಿಲ್ಲ. ನೇರವಾಗಿ ನಡೆದು ಯಜಮಾನರ ಎದುರಿಗೆ ನಿಂತಳು.

"ಭಾವ, ಮನೆ ಮೂತಿ ಮ್ಯಾಲೆ ಭಾರ ಇರ್ಬೇಕು. ಯಂತ್ರ ತೆಗುದ್ರೆ ಡಬ್ಬಿ ಮುಂದಕ್ಕೆ ಮಡಗ್ಬೇಕು. ನಿಮ್ಮ ತಮ್ಮ ಹೇಳಿದ್ದು."

ಅವಳ ದನಿ ಅಷ್ಟು ದಪ್ಪವೆಂದು ಅವರಿಗೆ ಅಂದೇ ಗೊತ್ತಾಗಿರಬೇಕು. ಆಮೇಲೆ ನನ್ನ ಕಡೆ ತಿರುಗಿದರು.

"ನಿಂಗೆ ಹೇಳಿದ್ಲಾ?"

"ಇಲ್ಲ," ಎಂದೆ. "ನಂಗೇನೂ ಹೇಳಿಲ್ಲ."

ಚಿಕ್ಕತಾಯಿ ನನ್ನನ್ನು ನೋಡಿದಳು. ಬೈದಾಳು, ಮಣ್ಣು ತೂರಿಯಾಳು ಎಂದುಕೊಂಡೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಜಗಳವಾಗಿ ಮುಗಿಯುತ್ತಿತ್ತು. ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಭಾವನ ಕಡೆಗೇ ತಿರುಗಿದಳು.

"ನಾಳೆ ಹೋಗಿ ಯಂತ್ರ ತನ್ನಿ ಭಾವ. ನಾಕು ಡಬ್ಬಿ ಅಲ್ಲಿ ಮಡಗಿ ಬನ್ನಿ."

ಅವರು, "ಹೂಂ ಕಣವ್ವ," ಎಂದರು.

ಮರುದಿನ ಯಂತ್ರ ಬಂತು, ಗೋಣಿ ಹೊದ್ದುಕೊಂಡೇ. ಬೋಲ್ಟು ಬಿಗಿಯುವಾಗ ಯಜಮಾನರು ಆ ಗೋಣಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಅವರಿಗೆ ಗೊತ್ತಾಗಿತ್ತು.

ಅಂದಿನಿಂದ ಚಿಕ್ಕತಾಯಿ ನನ್ನೊಂದಿಗೆ ಮಾತಾಡಲಿಲ್ಲ. ಒಂದೇ ಒಲೆಯಲ್ಲಿ ಬೇಯಿಸಿದೆವು, ಒಂದೇ ತಗಡಿನಡಿ ಮಲಗಿದೆವು, ಹನ್ನೊಂದು ವರ್ಷ. ಉಪ್ಪು ಬೇಕಾದರೂ ಹೊರಗೆ ಹೋಗಿ ಭಾವನಿಗೆ ಹೇಳುತ್ತಿದ್ದಳು, ಭಾವ ಬಂದು ನನಗೆ ಹೇಳುತ್ತಿದ್ದರು. ಒಂದು "ಹೌದು, ಹೇಳಿದ್ದಳು" ಎಂಬ ಮಾತು ಅವಳಿಗೆ ನಾನು ಕೊಡಬೇಕಿತ್ತು. ಕೊಡಲು ಹನ್ನೊಂದು ವರ್ಷವೂ ಬಾಯಿ ಇತ್ತು. ಕೊಡಲಿಲ್ಲ. ಈಗ ಕೇಳಬೇಕಾದ ಇಬ್ಬರೂ ಇಲ್ಲ.

ಮುಂದಿನ ಸಲ ಘಾಟಿ ಇಳಿಯುವ ಮುಂಚೆ ಯಜಮಾನರು ಮೂತಿ ಎತ್ತಿ ನೋಡಿದರು. ಒಬ್ಬರಿಂದ ಆಗಲಿಲ್ಲ. ಖಾದರ್ ಸಾಬರು ಕೈ ಜೋಡಿಸಬೇಕಾಯಿತು. ಪಿಕಪ್ಪಿನ ಎಡಬಾಗಿಲು ತೆಗೆದವಳು ಚಿಕ್ಕತಾಯಿ. ನಾನು ಮೊದಲು ಹತ್ತಲಿ ಎಂದು ಕಾದು ನಿಂತಳು. ನಾನು ನಡುವೆ ಸರಿದು ಕೂತೆ, ಅವಳು ಅಂಚಿಗೆ ಕೂತು ಬಾಗಿಲು ಎಳೆದುಕೊಂಡಳು. ಕಿಟಕಿಯಾಚೆ ಕೈ ಚಾಚಿ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಾಗ ಅಂಗೈಯ ಉದ್ದಕ್ಕೂ ಬಿಳಿಯ ಗೆರೆ ಕಾಣಿಸಿತು.

"ನೆಟ್ಟಗೆ ಬತ್ತಾ ಅದೆ ಭಾವ," ಎನ್ನುತ್ತಿದ್ದಳು ಪ್ರತಿ ಇಳಿಜಾರಿನಲ್ಲೂ, ನನ್ನ ಮಡಿಲ ಮೇಲಿಂದ. "ಹೂಂ," ಎನ್ನುತ್ತಿದ್ದರು ಅವರು. ನಾನು ಎಷ್ಟು ಕತ್ತು ಚಾಚಿದರೂ, ಕೂತಲ್ಲಿಂದ ಕನ್ನಡಿಯಲ್ಲಿ ಮನೆ ಕಾಣುತ್ತಿರಲಿಲ್ಲ.