ಕೋಳಿಗೆ ಚುಚ್ಚುವ ಸೂಜಿ

ಕಾಂತಿ ಸೂಜಿಯ ಬುಡಕ್ಕೆ ಬ್ರಶ್ ಹಾಕಿ ತಿಕ್ಕಿದಳು. ಹಲ್ಲುಜ್ಜುವ ಹಳೆಯ ಬ್ರಶ್. ಸೂಜಿ ಪ್ಲಾಸ್ಟಿಕ್ಕಿನ ತಲೆಗೆ ಸೇರುವ ಕಡೆ ಒಂದು ಸಣ್ಣ ಸಂದು. ಮಸಾಲೆ, ಕೊಬ್ಬು, ರಕ್ತ ಎಲ್ಲ ಹೋಗಿ ಕೂರುವುದು ಅಲ್ಲೇ. ಈಗ ಅಲ್ಲಿ ಏನೂ ಇರಲಿಲ್ಲ. ಬೆಳಗ್ಗಿನಿಂದ ಇದು ನಾಲ್ಕನೆಯ ಸಲ. ತಲೆಗೆ ನೀರು ತಾಗದಂತೆ ಓರೆಯಾಗಿ ಹಿಡಿದು ಸಾಬೂನು ತೊಳೆದಳು. ಸ್ಪಿರಿಟ್ಟಿನ ಹತ್ತಿಯಿಂದ ಬುಡದಿಂದ ತುದಿಯವರೆಗೆ ಒರೆಸಿದಳು. ಸ್ಟೀಲ್ ಲೋಟದಲ್ಲಿ ಸೂಜಿ ಮೇಲಾಗಿ ನಿಲ್ಲಿಸಿದಳು. ಮತ್ತೆ ಬಟ್ಟೆ ತಾಗಿಸಬಾರದು, ಗಾಳಿಗೆ ಒಣಗಬೇಕು. ಒಣಗಿತು. ಅವಳು ಅದನ್ನು ಮತ್ತೆ ಕೈಗೆತ್ತಿಕೊಂಡಳು.

ಅಡುಗೆಗೆ ಚುಚ್ಚಿ ಬಿಸಿ ನೋಡುವ ಈ ಸೂಜಿಯ ಥರ್ಮಾಮೀಟರ್ ತಂದದ್ದು ರೋಹಿತ್. ಹನ್ನೊಂದು ವರ್ಷ ದುಬೈಯ ಹೋಟೆಲಿನಲ್ಲಿ ದುಡಿದು ಬಂದು ಬಂಟ್ವಾಳದಲ್ಲಿ ಈ ಕ್ಯಾಟರಿಂಗ್ ಶುರುಮಾಡಿದವನು. ಗೋಡೆಗೆ ಚಾರ್ಟ್ ಅಂಟಿಸಿದವನೂ ಅವನೇ. ಕೋಳಿ ಎಪ್ಪತ್ತೈದು ಡಿಗ್ರಿ ದಾಟಬೇಕು, ತಂಪಿನದ್ದು ಐದರ ಒಳಗಿರಬೇಕು, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವ ಮುಂಚೆ ತೊಳೆದು ಸ್ಪಿರಿಟ್ ಒರೆಸಬೇಕು. ಕಾಂತಿ ಅಲ್ಲಿಯ ದೊಡ್ಡ ಅಡುಗೆಯವಳು.

ಸೋಮವಾರ ಬೆಳುವಾಯಿಯಲ್ಲಿ ಮುಂಡಪ್ಪಣ್ಣನ ಮಗಳ ಮೆಹೆಂದಿ. ಒಲೆಯ ಮೇಲಿದ್ದ ಕೋಳಿಗೆ ಕಾಂತಿ ಸೂಜಿ ಚುಚ್ಚಿದಾಗ ಐವತ್ತೆಂಟು ತೋರಿಸಿತು. ಇನ್ನೂ ಬೇಯಲಿ ಎಂದು ಬಿಟ್ಟಳು. ಅಷ್ಟರಲ್ಲಿ ಎಳನೀರು ಪುಡ್ಡಿಂಗ್ ಎಲ್ಲಿ ಎಂದು ಚಪ್ಪರದಿಂದ ಕರೆ ಬಂತು. ಸ್ಪಿರಿಟ್ ಬಾಟಲಿ ವ್ಯಾನಿನಲ್ಲಿತ್ತು. ಪಕ್ಕದಲ್ಲಿ ಬಾಳೆಲೆಯ ರಾಶಿ, ಆಗಷ್ಟೇ ತೊಳೆದು ಒರೆಸಿಟ್ಟದ್ದು. ಒಂದು ತುಂಡು ಹರಿದು ಸೂಜಿಗೆ ಸುತ್ತಿ ಎಳೆದಳು. ಹುಟ್ಟಿದಂದಿನಿಂದ ಉಂಡ ಎಲೆ. ಅದರಲ್ಲಿ ಒರೆಸಿದ ಮೇಲೂ ಕೊಳೆ ಉಳಿಯುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ. ಪುಡ್ಡಿಂಗಿನ ಒಂದೊಂದು ಟ್ರೇಗೂ ಸೂಜಿ ಇಳಿಸಿ ನೋಡಿದಳು. ನಾಲ್ಕು ಡಿಗ್ರಿ. ಡಿಗ್ರಿ ಬರೆಯುವ ಹಾಳೆಯಲ್ಲಿ ನಾಲ್ಕು ಎಂದು ಬರೆದು ರುಜು ಹಾಕಿದಳು. ಆಮೇಲೆ ಟ್ರೇಗಳು ಮೇ ತಿಂಗಳ ಸೆಕೆಯಲ್ಲಿ ಮೂರು ಗಂಟೆ ಮೇಜಿನ ಮೇಲೆ ಕೂತವು.

ಮರುದಿನ ಇಪ್ಪತ್ತೇಳು ಮಂದಿ ವಾಂತಿ-ಭೇದಿಯಾಗಿ ಮಲಗಿದರು. ಮುಂಡಪ್ಪಣ್ಣನ ಆರು ವರ್ಷದ ಮೊಮ್ಮಗಳಿಗೆ ಇವತ್ತು ಗುರುವಾರವೂ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಡ್ರಿಪ್ ನಡೆದಿತ್ತು. ನಿನ್ನೆ ಕಾಂತಿ ಹೋಗಿದ್ದಳು. ಮಗುವಿನ ಕೈಗೆ ಅಂಟಿಸಿದ ಪಟ್ಟಿಯನ್ನು ನೋಡುತ್ತ ನಿಂತಳು. ಅಳು ಬಂದೀತೆಂದು ಕಾದಳು, ಬರಲಿಲ್ಲ. ಪಕ್ಕದ ಮೂರು ಮಂಚದಲ್ಲಿ ಮುಂಡಪ್ಪಣ್ಣನ ಅಕ್ಕಂದಿರು.

“ಕೋಳಿ ಎಷ್ಟು ತಿಂದಿದ್ರಿ?” ಎಂದು ಕೇಳಿದಳು.

“ಸೋಮವಾರ ನಾವೆಲ್ಲಿ ಕೋಳಿ ತಿನ್ನುವುದು ಮಾರಾಯ್ತಿ!” ಎಂದಳು ಹಿರಿಯಕ್ಕ. “ಬರೀ ಅನ್ನ, ಸಾರು. ಮತ್ತೆ ಆ ಪುಡ್ಡಿಂಗ್. ಹಲ್ಲಿಲ್ಲದವರಿಗೆ ಹೇಳಿ ಮಾಡಿಸಿದ್ದು, ಎರಡೆರಡು ಸಲ ತಿಂದೆವು.”

ಕಾಂತಿಗೆ ಅಲ್ಲೇ ಗೊತ್ತಾಯಿತು. ಬಸ್ಸು ಹಿಡಿದು ವಾಪಸ್ಸು ಬಂದಳು. ಕಿಟಕಿಯಾಚೆ ಏನೇನು ಹೋಯಿತೋ ನೆನಪಿಲ್ಲ.

ಈಗ ಫೋನ್ ಹೊಡೆದುಕೊಂಡಿತು. ಕೋಳಿ ಅಂಗಡಿಯ ಮೊಯ್ದೀನ್. ಹದಿನಾಲ್ಕು ವರ್ಷದಿಂದ ಅವಳು ಬೇಯಿಸಿದ್ದೆಲ್ಲ ಅವನ ಕೋಳಿ.

“ಕಾಂತಿಯಕ್ಕ, ಅಂಗಡಿ ಎದುರು ಜನ ನಿಂತು ವಿಡಿಯೋ ಮಾಡ್ತಾ ಇದ್ದಾರೆ. ಹಾಳು ಕೋಳಿ ಕೊಟ್ಟವ ನಾನಂತೆ. ಇಡೀ ವಾಟ್ಸಾಪಿನಲ್ಲಿ ನನ್ನದೇ ಮೆರವಣಿಗೆ.”

“ನೋಡಿದೆ.”

“ನೀವು ಮೂಸದೆ ಒಂದು ಕಾಲೂ ತಗೊಂಡವರಲ್ಲ. ಕಾಂತಿಯಕ್ಕ ಕೋಳಿ ನೋಡುವಷ್ಟು ಹೆಣ್ಣು ನೋಡ್ಲಿಕ್ಕೆ ಬಂದ ನೀನೂ ನನ್ನನ್ನು ನೋಡಿರ್ಲಿಲ್ಲ ಅಂತ ನನ್ನ ಹೆಂಡತಿ ನನಗೆ ಹೇಳುವುದುಂಟು.” ನಗಲು ನೋಡಿದ, ಆಗಲಿಲ್ಲ. “ಆ ದಿನ ಕೋಳಿ ಸರಿ ಇತ್ತಲ್ವಾ ಅಕ್ಕ?”

“ಸರಿ ಇತ್ತು.”

“ಹನ್ನೊಂದಕ್ಕೆ ಫುಡ್ ಸೇಫ್ಟಿ ಆಫೀಸರು ಬರ್ತಾರಂತೆ ನಿಮ್ಮಲ್ಲಿಗೆ. ಅವರ ಹತ್ತಿರ ಅಷ್ಟು ಹೇಳಿ, ಸಾಕು.”

ಫೋನಿಟ್ಟು ಐದನೆಯ ಸಲ ಸಾಬೂನು ಹಾಕುವಾಗ ರೋಹಿತ್ ಒಳಗೆ ಬಂದ. ಕೈಯಲ್ಲಿ ಒಂದು ಹಾಳೆ.

“ಬಿಡಿ ಕಾಂತಿಯಕ್ಕ, ಸವೆದು ಹೋದೀತು. ಇದಕ್ಕೊಂದು ರುಜು ಹಾಕಿ.”

ಅವಳು ಓದಿದಳು. ಕೋಳಿ ಬರುವಾಗಲೇ ವಾಸನೆ ಬರುತ್ತಿತ್ತು, ಅಂಗಡಿಯವನಿಗೆ ಹೇಳಿದರೂ ಬದಲಾಯಿಸಿ ಕೊಡಲಿಲ್ಲ ಎಂದಿತ್ತು.

“ಕೋಳಿ ಸರಿ ಇತ್ತು,” ಎಂದಳು. “ಸೋಮವಾರ ಕೋಳಿ ಮುಟ್ಟದವರೂ ಆಸ್ಪತ್ರೆಯಲ್ಲಿ ಇದ್ದಾರೆ. ಅವರು ತಿಂದದ್ದು ಪುಡ್ಡಿಂಗ್. ಅರೆಬೆಂದ ಕೋಳಿಗೆ ಚುಚ್ಚಿದ ಸೂಜಿಯನ್ನು ಅದಕ್ಕೆ ಹಾಕಿದ್ದು ನಾನು. ತೊಳೀಲಿಲ್ಲ. ಎಲೆಯಲ್ಲಿ ಒರೆಸಿದೆ.”

“ಯಾವ ಎಲೆ?”

“ಊಟದ ಎಲೆ.”

“ಊಟದ ಎಲೆ!” ರೋಹಿತ್ ಗೋಡೆಗೆ ಕೈ ಬಡಿದ. “ನಾನು ಚಾರ್ಟ್ ಅಂಟಿಸಿದ್ದು ಗೋಡೆಯ ಚಂದಕ್ಕಾ?”

ಅವನು ಹೋಗಿ ಬಾಗಿಲು ಮುಚ್ಚಿ ಬಂದ. ಈಗ ಅವನ ದನಿ ಮೆತ್ತಗಿತ್ತು, ಹೆದರಿಕೆಯೂ ಇತ್ತು.

“ಇದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪುಡ್ಡಿಂಗ್ ಒಂದು ಚಮಚವೂ ಉಳಿದಿಲ್ಲ. ಮೊಯ್ದೀನ್ ಎರಡು ತಿಂಗಳು ಬಾಗಿಲು ಹಾಕ್ತಾನೆ, ಮತ್ತೆ ತೆರೀತಾನೆ. ನಮ್ಮದು ಮುಚ್ಚಿದ್ರೆ ಮುಗೀತು.”

“ಅವನದ್ದೂ ಹಾಗೆ.”

“ಕೇಳಿ ಅಕ್ಕ. ಬೆಳ್ತಂಗಡಿಯಲ್ಲಿ ನಾನು ತೆರೆಯುವ ಹೊಸ ಅಡುಗೆಮನೆ ನಿಮ್ಮ ಕೈಗೇ ಕೊಡ್ತೇನೆ. ಕೈಕೆಳಗೆ ಆರು ಜನ. ನೀವು ಕುರ್ಚಿಯಲ್ಲಿ ಕೂತು ಹೇಳಿದರಾಯ್ತು, ಇನ್ನು ಹಂಡೆ ಎತ್ತುವುದು ಬೇಡ. ನಿಮ್ಮ ಸೊಂಟಕ್ಕೂ ಒಳ್ಳೆಯದು.”

ಕಾಂತಿ ಆರು ಜನರನ್ನು, ಕುರ್ಚಿಯನ್ನು ಕಣ್ಣಮುಂದೆ ತಂದುಕೊಂಡಳು. ಆಸೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಹೊರಗೆ ಜೀಪು ನಿಂತು ಬಾಗಿಲು ಮುಚ್ಚಿದ ಸದ್ದಾಯಿತು. ರೋಹಿತ್ ಪೆನ್ನಿನ ಮುಚ್ಚಳ ತೆಗೆದು ಅವಳ ಒದ್ದೆ ಕೈಯ ಹತ್ತಿರ ಹಿಡಿದ.

“ಬೇಗ, ಅಕ್ಕ.”

“ಹಾಕುವುದಿಲ್ಲ,” ಎಂದಳು ಕಾಂತಿ.