ಉಚ್ಚಂಗೆಮ್ಮನ ಗಿರಣಿಗೆ ಹೊಂಗೆ ಡೀಸೆಲ್

ಉಚ್ಚಂಗೆಮ್ಮನಿಗೆ ಉಬ್ಬಸ ಕಾಣಿಸಿಕೊಂಡಿದ್ದು ಗಿರಣಿ ಇಟ್ಟ ಮೂರನೆಯ ವರ್ಷದಲ್ಲಿ. ಅವಳ ಗಂಡ ಚಿತ್ರಲಿಂಗಪ್ಪ ಮಾರಿಕಣಿವೆ ಅಣೆಕಟ್ಟಿನ ನೀರಾವರಿ ಕಚೇರಿಯಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತನಾಗಿ ಸ್ವಂತ ಊರು ಮತ್ತೋಡಿಗೆ ಬಂದಾಗ ಸುಮ್ಮನೆ ಕೂರಲಾಗದೆ ಒಂದು ಹಿಟ್ಟಿನ ಗಿರಣಿ ಹಾಕಿದ. ಇಂಜಿನ್ ಅವನದು, ಹಿಟ್ಟು ಬೀಸಿಕೊಡುವುದು ಅವಳದು ಎಂದು ಗಂಡಹೆಂಡಿರ ನಡುವೆ ಮಾತಾಗಿತ್ತು. ಹಗಲು ಹೊತ್ತಿನ ಕರೆಂಟನ್ನು ಯಾರೂ ನಂಬದ ಕಾಲ ಅದು. ಹಾಗಾಗಿ ಗಿರಣಿ ಓಡುತ್ತಿದ್ದುದು ಹೆಚ್ಚಾಗಿ ಡೀಸೆಲ್ ಕುಡಿಯುವ ಹಳೆಯ ಆಯಿಲ್ ಇಂಜಿನ್ನಿನಿಂದಲೇ.

ಡೀಸೆಲ್ ಹೊಗೆ ಅವಳ ಎದೆಗೆ ಆಗಿಬರಲಿಲ್ಲ. ಚಿತ್ರಲಿಂಗಪ್ಪ ಹೊಗೆ ಕೊಳವೆಯನ್ನು ಸೂರಿನಿಂದ ಆಚೆಗೆ ಎತ್ತರಿಸಿದ. ಅಲ್ಲಿಂದಲೂ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಹೊಸದುರ್ಗದ ಡಾಕ್ಟರು ಗಿರಣಿ ಬಿಟ್ಟುಬಿಡಿ ಎಂದರು. ಉಚ್ಚಂಗೆಮ್ಮ ತಲೆಯಾಡಿಸಿ, ಮಾತ್ರೆ ತೆಗೆದುಕೊಂಡು, ಮರುದಿನ ಬೆಳಿಗ್ಗೆ ಎಂದಿನಂತೆ ಹೋಗಿ ಗಿರಣಿ ಬಾಗಿಲು ತೆರೆದಳು. ಮಕ್ಕಳಿಲ್ಲದ ಅವಳಿಗೆ ಆ ಗಿರಣಿಯಲ್ಲಿ ಊರೆಲ್ಲ ಸಿಗುತ್ತಿತ್ತು. ರಾಗಿ ಚೀಲ ಇಳಿಸಿದ ಹೆಂಗಸರು ಸರದಿಗೆ ಕಾಯುತ್ತ ಸೊಸೆಯ ಬಸಿರು, ಎಮ್ಮೆಯ ಕರು, ಕಳೆದುಹೋದ ಮೂಗುಬಟ್ಟು ಎಲ್ಲವನ್ನೂ ಅವಳೆದುರು ಹೇಳಿಕೊಳ್ಳುತ್ತಿದ್ದರು. ಗಂಡ ಒತ್ತಾಯ ಮಾಡಿದಾಗ ಅವಳು ಒಂದೇ ಮಾತು ಹೇಳಿದ್ದಳು.

"ಗಿರಣಿ ಬಿಟ್ಟು ಮನೇಲಿ ಕುಂತ್ರೆ ಉಸಿರು ಇನ್ನೂ ಕಟ್ತೈತೆ, ಬಿಡ್ರಿ."

ದಾರಿ ತೋರಿಸಿದವನು ಹೊಳಲ್ಕೆರೆಯ ದೊಡ್ಡಪ್ಪ ಎಂಬ ಎಣ್ಣೆ ವ್ಯಾಪಾರಿ. ಹೊಂಗೆ ಎಣ್ಣೆಯಿಂದ ಮಾಡಿದ ಡೀಸೆಲ್ ಎಂದು ಅವನು ಒಂದು ಕ್ಯಾನು ಕೊಟ್ಟ. ಚಿತ್ರಲಿಂಗಪ್ಪ ಇಂಜಿನ್ ಕೆಟ್ಟೀತೆಂದು ಹೆದರುತ್ತಲೇ ಅದನ್ನು ಹಾಕಿದ. ಇಂಜಿನ್ ತಕರಾರಿಲ್ಲದೆ ಓಡಿತು. ಹೊಗೆ ತೆಳ್ಳಗಾಯಿತು. ಹಳೆಯ ಕಾಲದಲ್ಲಿ ಗೋಡೆಗೂಡಿನಲ್ಲಿಡುತ್ತಿದ್ದ ಹೊಂಗೆ ಎಣ್ಣೆ ದೀಪದ ವಾಸನೆ ಬಂತೇ ಹೊರತು ಗಂಟಲು ಹಿಡಿಯಲಿಲ್ಲ. ಆ ವಾರ ಉಚ್ಚಂಗೆಮ್ಮ ದಿಂಬು ಎತ್ತರಿಸಿಕೊಳ್ಳದೆ ನಿದ್ದೆ ಮಾಡಿದಳು. ಅಂದಿನಿಂದ ಅವರ ಗಿರಣಿಗೆ ಹೊಂಗೆ ಡೀಸೆಲ್ಲೇ ಆಯಿತು.

ಮೂರ್ನಾಲ್ಕು ವರ್ಷ ಹೀಗೆ ಸುಖವಾಗಿ ನಡೆಯಿತು. ಆಮೇಲೆ, ಎರಡು ಸಾವಿರದ ಎಂಟರ ಸುಮಾರಿಗೆ, ದೊಡ್ಡ ಕಂಪನಿಯೊಂದರ ಲಾರಿಗಳು ಹಳ್ಳಿಹಳ್ಳಿಗೆ ಬಂದು ಹೊಂಗೆ ಬೀಜವನ್ನು ರಾಶಿಗಟ್ಟಲೆ ಎತ್ತಿಕೊಂಡು ಹೋಗತೊಡಗಿದವು. ಸಣ್ಣ ಗಾಣದವರಿಗೆ ಬೀಜ ಸಿಗದಾಯಿತು. ಒಂದು ಸಲ ಕ್ಯಾನು ಹಿಡಿದುಕೊಂಡು ಚಿತ್ರಲಿಂಗಪ್ಪ ಹೊಳಲ್ಕೆರೆಗೆ ಹೋದಾಗ ದೊಡ್ಡಪ್ಪನ ಅಂಗಡಿಯಲ್ಲಿ ಮೊಬೈಲ್ ಫೋನುಗಳನ್ನು ಜೋಡಿಸಿಟ್ಟಿದ್ದರು. ದೊಡ್ಡಪ್ಪ ಆ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ತಾನು ತೋಟ ನೋಡಿಕೊಳ್ಳುತ್ತಿದ್ದ. ಹಿರಿಯೂರಿನಲ್ಲಿ ಹೊಂಗೆ ಡೀಸೆಲ್ ಮಾಡುತ್ತಿದ್ದವರ ಶೆಡ್ಡಿಗೆ ಬೀಗ ಬಿದ್ದಿತ್ತು. ಭರಮಸಾಗರದಲ್ಲಿ ಕೆರೆ ಏರಿಯ ಪಕ್ಕ ಟ್ರ್ಯಾಕ್ಟರ್ ರಿಪೇರಿ ಮಾಡುವ ದುರುಗಣ್ಣ ಎಂಬವನು, ಹೊಸದುರ್ಗದ ಎತ್ತಪ್ಪನೊಬ್ಬ ಇನ್ನೂ ಮಾಡುತ್ತಿರಬಹುದು, ಬೇಗ ಹೋಗಿ ನೋಡಿ ಎಂದ. ತನ್ನ ಊರಿನ ಬಸ್ಸು ದಿನವೂ ಹೋಗಿ ನಿಲ್ಲುವ ಹೊಸದುರ್ಗವನ್ನು ಬಿಟ್ಟು ಜಿಲ್ಲೆಯೆಲ್ಲ ಸುತ್ತಿದೆನಲ್ಲ ಎಂದು ಚಿತ್ರಲಿಂಗಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಷ್ಟರಲ್ಲಿ ಗಿರಣಿಯಲ್ಲಿ ಮತ್ತೆ ಪೆಟ್ರೋಲ್ ಬಂಕಿನ ಡೀಸೆಲ್ ಉರಿಯುತ್ತಿತ್ತು. ಉಚ್ಚಂಗೆಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಟ್ಟು ಬೀಸುತ್ತಿದ್ದಳು.

ಎತ್ತಪ್ಪ ಸಿಕ್ಕಿದ. ಆದರೆ ಅವನು ಡ್ರಮ್ಮುಗಳನ್ನು ತೊಳೆದು ಬೋರಲು ಹಾಕುತ್ತಿದ್ದ. ಅವನ ಶೆಡ್ಡಿನ ಜಾಗದ ಯಜಮಾನರು ಅಲ್ಲಿ ಅಂಗಡಿ ಸಾಲು ಕಟ್ಟಿಸಲು ಹೊರಟಿದ್ದರು. ಬೀಜವೂ ಇಲ್ಲ, ಜಾಗವೂ ಇಲ್ಲ, ಇನ್ನು ಸಾಕು ಎಂದು ಎತ್ತಪ್ಪ ನಗುತ್ತಲೇ ಹೇಳಿದ. ಉಚ್ಚಂಗೆಮ್ಮನ ಉಬ್ಬಸದ ವಿಷಯ ಕೇಳಿ ಮಾತ್ರ ಅವನ ಮುಖ ಸಪ್ಪಗಾಯಿತು. ಒಂದು ಡ್ರಮ್ಮನ್ನೂ ಉಳಿದಿದ್ದ ಔಷಧಗಳನ್ನೂ ಕೊಡುತ್ತೇನೆ, ಎರಡು ದಿನ ಬಂದು ಕೆಲಸ ಕಲಿತುಕೊಳ್ಳಿ ಎಂದ. ಔಷಧ ಎಂದರೆ ಕಾಸ್ಟಿಕ್ ಸೋಡಾ ಮತ್ತು ಮೆಥನಾಲ್. ಮೆಥನಾಲ್ ಸ್ಪಿರಿಟ್ಟಿನಂಥದ್ದು. ಬೆಂಕಿ ಹತ್ತಿದರೆ ಉರಿ ಕಣ್ಣಿಗೆ ಕಾಣುವುದಿಲ್ಲ, ಹೊಟ್ಟೆಗೆ ಹೋದರೆ ಕಣ್ಣೇ ಹೋಗುತ್ತದೆ. ಅದನ್ನು ಇಟ್ಟುಕೊಳ್ಳಲು ಎತ್ತಪ್ಪನ ಹೆಸರಿನಲ್ಲಿ ಸರ್ಕಾರದ ಪರವಾನಗಿ ಇತ್ತು.

ಆಯುಷ್ಯವೆಲ್ಲ ಇಂಜಿನ್ನುಗಳ ಜೊತೆ ಕಳೆದ ಚಿತ್ರಲಿಂಗಪ್ಪನಿಗೆ ಪಾಠ ಹೇಳಿಸಿಕೊಳ್ಳುವುದು ಬೇಕಿರಲಿಲ್ಲ. ಅಳತೆಯೊಂದನ್ನು ಹೇಳಿ ಸಾಕು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಎತ್ತಪ್ಪ ಅಳತೆ ಹೇಳಿಕೊಟ್ಟ. ಒಲೆಯ ಹತ್ತಿರ ಮೆಥನಾಲ್ ತರಬೇಡಿ, ಬಯಲಲ್ಲೇ ಮಾಡಿ ಎಂದು ಮತ್ತೆ ಮತ್ತೆ ಎಚ್ಚರಿಸಿದ.

ಚಿತ್ರಲಿಂಗಪ್ಪ ಪೇಟೆಯಲ್ಲಿ ಸಿಕ್ಕ ಹೊಂಗೆ ಎಣ್ಣೆ ಕೊಂಡು ತಂದ. ಮನೆಯ ಹಿತ್ತಲಿನಲ್ಲಿ, ಬಯಲಿನಲ್ಲಿ, ಡ್ರಮ್ಮನ್ನು ಬಿಸಿನೀರಿನ ತೊಟ್ಟಿಯೊಳಗಿಟ್ಟು ಎಣ್ಣೆ ಕಾಯಿಸಿದ. ಒಲೆ ಆರಿಸಿ, ಔಷಧ ಬೆರೆಸಿ, ಕೈಯಿಂದ ತಿರುಗಿಸುವ ಕಡೆಗೋಲಿನಂಥ ಯಂತ್ರವೊಂದನ್ನು ತಾನೇ ಕಟ್ಟಿ ಕಲಕಿದ. ಬೆಳಗಾಗುವಷ್ಟರಲ್ಲಿ ಮೇಲೆ ಡೀಸೆಲ್ಲು, ಕೆಳಗೆ ಕಪ್ಪು ಗಸಿ ಎರಡೂ ಬೇರೆಯಾಗಬೇಕಿತ್ತು. ಬೆಳಿಗ್ಗೆ ಮುಚ್ಚಳ ತೆಗೆದರೆ ಡ್ರಮ್ಮಿನ ತುಂಬ ರಾಗಿ ಮುದ್ದೆಯಂತೆ ಕಂದು ಬಣ್ಣದ್ದೇನೋ ಗಟ್ಟಿಯಾಗಿ ಕುಳಿತಿತ್ತು. ಕೋಲು ಹಾಕಿದರೆ ಕೋಲು ನೆಟ್ಟಗೆ ನಿಂತಿತು.

ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ. ಉಚ್ಚಂಗೆಮ್ಮ ಬಂದು ನೋಡಿ, ಬೆರಳಿಗೆ ಹಚ್ಚಿಕೊಂಡು ನೀರಿನಲ್ಲಿ ಉಜ್ಜಿದಳು. ನೊರೆ ಬಂತು. ಅವಳಿಗೆ ತಡೆಯಲಾರದಷ್ಟು ನಗು ಬಂತು. ನಗು ಕೆಮ್ಮಿಗೆ ತಿರುಗಿದಾಗ ಅವನೇ ಎದ್ದು ಬೆನ್ನು ನೀವಿದ.

"ಸೋಪು ಆಗೈತಲ್ರಿ," ಎಂದಳು ಉಸಿರು ಹತೋಟಿಗೆ ಬಂದ ಮೇಲೆ.

ಚೆಲ್ಲಲು ಮನಸ್ಸಾಗದೆ ಅವಳು ಅದನ್ನು ತೆಂಗಿನ ಚಿಪ್ಪುಗಳಿಗೆ ತುಂಬಿ, ವಾರಗಟ್ಟಲೆ ಗಾಳಿ ಬಿಸಿಲಿಗೆ ಇಟ್ಟು ಒಣಗಿಸಿದಳು. ಜೋಳ ಬೀಸಿಸಲು ಬಂದ ಜುಂಜಮ್ಮ ಅದೇನೆಂದು ಕೇಳಿದಳು. ಜುಂಜಮ್ಮ ಊರಾಚೆಯ ಹಟ್ಟಿಯವಳು, ಗಂಡನ ಜೊತೆ ಕುರಿ ಮೇಯಿಸುವವಳು. ಆ ವರ್ಷ ಅವರ ಕುರಿಗಳಿಗೆ ರಕ್ತ ಹೀರುವ ಉಣುಗು ಹತ್ತಿ ಮೈಯೆಲ್ಲ ಗಾಯವಾಗಿತ್ತು. ಹೊಂಗೆ ಎಣ್ಣೆಯ ಸೋಪು ಎಂದು ಕೇಳಿದ್ದೇ ತಡ, ಎರಡು ಚಿಪ್ಪು ಎತ್ತಿಕೊಂಡು ಹೋದಳು. ಮುಂದಿನ ವಾರ ಬಂದವಳು ಗಿರಣಿಯ ಬಾಗಿಲಲ್ಲೇ ಸುದ್ದಿ ಹೇಳಿದಳು. ತೊಳೆದ ಕುರಿಗಳ ಮೈಯಿಂದ ಉಣುಗು ಉದುರಿತ್ತು, ಗಾಯ ಮಾಯತೊಡಗಿತ್ತು. ಹಟ್ಟಿಯವರೆಲ್ಲ ಸೋಪು ಕೇಳುತ್ತಿದ್ದರು.

ಚಿತ್ರಲಿಂಗಪ್ಪನಿಗೆ ಇದರಿಂದ ಸಮಾಧಾನವಾಗಲಿಲ್ಲ. ತಾನು ಡೀಸೆಲ್ ಮಾಡಲು ಹೋಗಿದ್ದೆ, ಕುರಿ ತೊಳೆಯುವ ಸೋಪು ಮಾಡಲಿಕ್ಕಲ್ಲ ಎಂದು ಗೊಣಗಿದ. ಎತ್ತಪ್ಪನ ಹತ್ತಿರ ಹೋಗಿ ಕೇಳಿ ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

"ಇಂಜಿನ್ ನಿಮಗೆ ಗೊತ್ತೈತೆ, ಎಣ್ಣೆ ಅವರಿಗೆ ಗೊತ್ತೈತೆ. ಕೇಳಾಕೆ ನಾಚಿಕೆ ಯಾಕ್ರಿ?" ಎಂದಳು ಉಚ್ಚಂಗೆಮ್ಮ. ಅವನು ಸ್ಪ್ಯಾನರ್ ಹಿಡಿದು ಇಂಜಿನ್ನಿನ ಹಿಂದಕ್ಕೆ ಸರಿದ.

ಮರುದಿನ ಅವಳು ಗಿರಣಿ ಅವನಿಗೆ ಒಪ್ಪಿಸಿ, ತವರಿನ ಕಡೆಯವರನ್ನು ನೋಡಿಬರುತ್ತೇನೆಂದು ಹೊಸದುರ್ಗದ ಬಸ್ಸು ಹತ್ತಿದಳು. ಮಧ್ಯಾಹ್ನ ಅದೇ ಬಸ್ಸಿನಿಂದ ಇಳಿದಾಗ ಜೊತೆಗೆ ಎತ್ತಪ್ಪ ಇದ್ದ. ಚಿತ್ರಲಿಂಗಪ್ಪ ಮೈಯೆಲ್ಲ ಹಿಟ್ಟಾಗಿ, ಯಾವ ಚೀಲ ಯಾರದೆಂದು ತಿಳಿಯದೆ ಹೆಂಗಸರ ಕೈಲಿ ಮಾತು ಕೇಳುತ್ತ ನಿಂತಿದ್ದ. ಎತ್ತಪ್ಪನನ್ನು ನೋಡಿ ಅವನು ಮೈಮೇಲಿನ ಹಿಟ್ಟು ಕೊಡವತೊಡಗಿದ. ಎತ್ತಪ್ಪನೇ ಹತ್ತಿರ ಬಂದ.

"ಅಮ್ಮಾರು ಬಂದಾಗ ಉಸಿರೇ ಇರಲಿಲ್ಲಣ್ಣ. ನೀರು ಕೊಟ್ಟು ಕುಂಡ್ರಿಸಿದೆ. ಮಾತು ಹೊಂಟ ತಕ್ಷಣ, ನಮ್ಮೋರು ಭಾರಿ ಚೆಂದಾಗಿ ಸೋಪು ಮಾಡ್ತಾರೆ, ಬಂದು ನೋಡ್ರಿ ಅಂದ್ರು."

ಕಾಯುತ್ತಿದ್ದ ಹೆಂಗಸರು ನಕ್ಕರು. ಚಿತ್ರಲಿಂಗಪ್ಪನೂ ನಕ್ಕ. ಆ ಎದೆ ಇಟ್ಟುಕೊಂಡು ಬಸ್ಸಿನ ನೂಕುನುಗ್ಗಲಲ್ಲಿ ಹೋಗಿಬಂದಳಲ್ಲ ಎಂಬ ಯೋಚನೆ ಅವನಿಗೆ ಆಮೇಲೆ ಬಂತು. ಕೈ ತೊಳೆದುಕೊಂಡು ಬಂದು, "ಬರ್ರಿ ಎತ್ತಪ್ಪಾರೆ, ಎಲ್ಲಿ ತಪ್ಪಾತು ನೀವೇ ಹೇಳ್ರಿ," ಎಂದ.

ಎತ್ತಪ್ಪ ಉಳಿದಿದ್ದ ಎಣ್ಣೆ ಮೂಸಿ ನೋಡಿದ. ತೇವದ ಬೀಜವನ್ನು ಬಹಳ ದಿನ ಕೂಡಿಟ್ಟು ಹಿಂಡಿದ ಎಣ್ಣೆ ಅದು, ಹುಳಿ ಹಿಡಿದಿದೆ ಎಂದ. ಹುಳಿ ಎಣ್ಣೆಗೆ ಕಾಸ್ಟಿಕ್ ಸೋಡಾ ಬಿದ್ದರೆ ಸೋಪಾಗುವುದೇ ಸಹಜ. ತನ್ನ ಮೊದಲ ಡ್ರಮ್ಮೂ ಹಾಗೇ ಆಗಿತ್ತು, ತಾನು ಅದನ್ನು ಹಳ್ಳಕ್ಕೆ ಸುರಿದುಬಂದಿದ್ದೆ ಎಂದೂ ಹೇಳಿದ. ಬೇಕಾದುದು ಆಗತಾನೇ ಬಿದ್ದ, ಚೆನ್ನಾಗಿ ಒಣಗಿಸಿದ ಬೀಜ. ಆದರೆ ಲಾರಿಯವರು ಬಿಟ್ಟರೆ ತಾನೇ ಎಂದು ಅವನು ಕೈಚೆಲ್ಲಿದ.

ಅದಕ್ಕೆ ದಾರಿ ಜುಂಜಮ್ಮನಿಂದ ಆಯಿತು. ಲಾರಿ ಹೋಗದ ಹಳ್ಳದ ದಂಡೆ, ಕೆರೆಯ ಹಿಂಭಾಗ, ಗುಡ್ಡದ ಓರೆ ಎಲ್ಲವೂ ಕುರಿ ಮೇಯುವ ಜಾಗ. ಅಲ್ಲೆಲ್ಲ ಹೊಂಗೆ ಮರಗಳಿದ್ದವು. ಸೋಪು ಕೊಡುವುದಾದರೆ ಹಟ್ಟಿಯವರು ಬೀಜ ಆರಿಸಿ ತರುತ್ತಾರೆ ಎಂದಳು. ಬೇಸಿಗೆ ಬಂದು ಕಾಯಿ ಉದುರತೊಡಗಿದ ಹಾಗೆ ಸಂಜೆ ಹೊತ್ತು ಗಿರಣಿಯ ಮುಂದೆ ಬೀಜದ ಗಂಟುಗಳು ಬಂದು ಬಿದ್ದವು. ಉಚ್ಚಂಗೆಮ್ಮ ಅಂಗಳದಲ್ಲಿ ಹರವಿ, ಕಾಯಿ ಬಡಿದು ಬಿಡಿಸಿ, ಬೀಜ ಕಟಕಟ ಎನ್ನುವವರೆಗೆ ಒಣಗಿಸಿದಳು. ಹೊಸದುರ್ಗದ ಗಾಣವೊಂದರಲ್ಲಿ ಅದನ್ನು ಹಿಂಡಿಸಿ ತಂದರು. ಉಳಿದ ಹಿಂಡಿ ಗೊಬ್ಬರವಾಗಿ ತೆಂಗಿನ ಬುಡಕ್ಕೆ ಹೋಯಿತು.

ಈ ಸಲ ಎತ್ತಪ್ಪ ಪಕ್ಕದಲ್ಲೇ ನಿಂತು ಹೇಳಿದ, ಚಿತ್ರಲಿಂಗಪ್ಪ ಮಾಡಿದ. ಕಲಕುವ ಯಂತ್ರವನ್ನು ನೋಡಿ ಎತ್ತಪ್ಪನಿಗೆ ಆಸೆಯಾಯಿತು, ಇಂಥದ್ದು ತನ್ನಲ್ಲಿ ಇರಲಿಲ್ಲ ಎಂದು ತಾನೂ ಸ್ವಲ್ಪ ಹೊತ್ತು ತಿರುಗಿಸಿದ. ಬೆಳಿಗ್ಗೆ ಮೂವರೂ ಸೇರಿ ಮುಚ್ಚಳ ತೆಗೆದರು. ಮೇಲೆ ಜೇನಿನ ಬಣ್ಣದ ತಿಳಿ, ಕೆಳಗೆ ಕಪ್ಪು ಗಸಿ. ಚಿತ್ರಲಿಂಗಪ್ಪ ಸ್ವಲ್ಪ ತಿಳಿಯನ್ನು ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದು, ಹೆಂಡತಿಯ ಕೈಗೆ ಕೊಟ್ಟ. ಅದನ್ನು ನೀರಿನಲ್ಲಿ ತೊಳೆದು, ನೀರಿನ ಪಸೆ ಆರಿಸಿ, ಇಂಜಿನ್ನಿಗೆ ಹಾಕುವಷ್ಟರಲ್ಲಿ ಇನ್ನೂ ಎರಡು ದಿನ ಹಿಡಿಯಿತು. ಇಂಜಿನ್ ಒಂದೆರಡು ಸಲ ಕೆಮ್ಮಿ ಓಡತೊಡಗಿತು. ಉಚ್ಚಂಗೆಮ್ಮ ಹೊಗೆ ಕೊಳವೆಯ ಕಡೆಗೇ ಹೋಗಿ ಒಂದು ಸ್ಟೂಲು ಹಾಕಿಕೊಂಡು ಕುಳಿತಳು. ಬಹಳ ಹೊತ್ತು ಕುಳಿತಳು. ಕೆಮ್ಮಲಿಲ್ಲ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಇವತ್ತು ಬೀಸ್ತೀರೋ ಇಲ್ವೋ ಎಂದು ಕೇಳಿದ ಮೇಲೆ ಎದ್ದು ಒಳಗೆ ಬಂದಳು.

ಎತ್ತಪ್ಪ ತನ್ನ ಉಳಿದ ಸಾಮಾನನ್ನೆಲ್ಲ ಮತ್ತೋಡಿಗೇ ಸಾಗಿಸಿದ. ಕಚೇರಿಗೆ ಓಡಾಡಿ ಪರವಾನಗಿಯನ್ನೂ ಈ ಜಾಗಕ್ಕೆ ಬದಲಾಯಿಸಿಕೊಂಡ. ವಾರಕ್ಕೊಮ್ಮೆ ಬಂದು ಕೆಲಸ ಮಾಡಿ, ಊಟ ಮಾಡಿಕೊಂಡು ಹೋಗುತ್ತಿದ್ದ. ಕೆಳಗಿನ ಗಸಿಯಿಂದಲೂ ಹುಳಿ ಹಿಡಿದ ಎಣ್ಣೆಯಿಂದಲೂ ಹಟ್ಟಿಗೆ ಸೋಪಾಗುತ್ತಿತ್ತು. ಉಬ್ಬಸ ಪೂರ್ತಿ ಹೋಯಿತೆಂದಲ್ಲ, ಚಳಿಗಾಲದಲ್ಲಿ ಉಚ್ಚಂಗೆಮ್ಮ ಈಗಲೂ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಆದರೆ ಗಿರಣಿಯ ಬಾಗಿಲು ಅವಳೇ ತೆರೆಯುತ್ತಿದ್ದಳು, ಅವಳೇ ಹಾಕುತ್ತಿದ್ದಳು.

ಮುಂದಿನ ವರ್ಷ ಹೊಳಲ್ಕೆರೆಯ ದೊಡ್ಡಪ್ಪನ ಮನೆಯಲ್ಲಿ ಧೂಳು ಹಿಡಿದು ಕುಳಿತಿದ್ದ ಸಣ್ಣ ಎಣ್ಣೆ ಗಾಣವೊಂದನ್ನು ಇವರು ಹೇರಿಕೊಂಡು ಬಂದರು. ಅದನ್ನು ಎಲ್ಲಿ ಕೂರಿಸಬೇಕೆಂದು ಗಂಡಸರಿಬ್ಬರ ನಡುವೆ ಬೆಳಗಿನಿಂದ ಚರ್ಚೆ ನಡೆದಿತ್ತು. ಉಚ್ಚಂಗೆಮ್ಮ ಟೀ ತಂದುಕೊಟ್ಟು, ನೆರಳು ಬೀಳುವ ಮೂಲೆಯಲ್ಲಿ ಕಾಲಿನಿಂದ ಗೆರೆ ಎಳೆದಳು. "ಇಲ್ಲಿ," ಎಂದಳು. ಇಬ್ಬರೂ ಲೋಟ ಖಾಲಿ ಮಾಡಿ, ಹಾರೆ ಎತ್ತಿಕೊಂಡು ಅಲ್ಲೇ ಅಗೆಯತೊಡಗಿದರು.