ಬೇವಿನ ಮರದ ಗಿಲೀಟು

ಮಿಶ್ರತಳಿ ಸಿಕ್ಕಿತೆಂದು ನಾನು ಬೆಳಿಗ್ಗೆ ಅಂಗಳದಲ್ಲಿ ಕುಣಿದದ್ದನ್ನು ನಮ್ಮ ಎಮ್ಮೆ ಕೂಡ ಮೆಲುಕು ನಿಲ್ಲಿಸಿ ನೋಡಿತು. ನೋಡಲಿ! ಕಾಡು ಆರ್ಕಿಡ್‌ನ ಮಿಶ್ರತಳಿ ಹುಡುಕಿಕೊಂಡು ಮೂರು ವರ್ಷ ಮೇಲುಕೋಟೆ ಬೆಟ್ಟವೆಲ್ಲ ಅಲೆದವಳಿಗೆ, ಕ್ಯಾತನಹಳ್ಳಿಯ ಮನೆ ಮುಂದಿನ ಬೇವಿನ ಮರದಲ್ಲೇ ಅದು ಸಿಕ್ಕರೆ ಕುಣಿಯದೆ ಇನ್ನೇನು ಮಾಡಲಿ?

ಆ ಮರದ ಮೇಲೆ ಎರಡು ಬಗೆಯ ಆರ್ಕಿಡ್‌ಗಳಿವೆ. ದೊಡ್ಡದರ ಹೂವಿಗೆ ಕಂದು ಚೌಕಳಿ ಗೆರೆ. ಚಿಕ್ಕದರ ಹೂವು ಉಗುರಿನಷ್ಟು, ಗೆರೆಯಿಲ್ಲದ ಹಳದಿ. ಈ ಸಲ ಕೆಳಗಿನ ಕೊಂಬೆಯ ಗೊಂಚಲಿನಲ್ಲಿ ಗೆರೆಯೂ ಇತ್ತು, ಹಳದಿಯೂ ಇತ್ತು. ಎರಡೂ ಕೂಡಿ ಹುಟ್ಟಿದ್ದೇ ಸರಿ ಎಂದು ನನ್ನ ಗೈಡ್ ಪ್ರಮೀಳಾ ಮೇಡಂಗೆ ಫೋನು ಮಾಡಿಬಿಟ್ಟೆ. ಸುದ್ದಿ ಕೇಳಿದ ಅವರು ಆಗಲೇ ನಮ್ಮೂರಿಗೆಂದು ಮೈಸೂರು ಬಿಟ್ಟಿದ್ದರು.

ತಾತ ನಾಗರಾಜಾಚಾರಿ ಚಿನ್ನದ ಕೆಲಸ ಬಿಟ್ಟರೂ ಭೂತಗನ್ನಡಿ ಬಿಟ್ಟಿಲ್ಲ. ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹೂವು ನೋಡಿದರು, ಬೆರಳಿನಲ್ಲಿ ಉಜ್ಜಿದರು, ಮೂಸಿದರು.

"ಗಿಲೀಟು ಕಣಮ್ಮಿ. ಬಣ್ಣ ಮ್ಯಾಲೆ ಕೂತದೆ, ಒಳಗಿಲ್ಲ. ಅರಿಸ್ನ!"

ಅಜ್ಜಿ ನಿಂಗಮ್ಮ ಅರಿಶಿನದ ಬಟ್ಟಲು ಹಿಡಿದೇ ಹೊರಗೆ ಬಂದಳು. "ಊ ಕಣವ್ವ, ಸುಕ್ರವಾರ ಮರಕ್ಕೆ ಪೂಜೆ ಮಾಡಾವಾಗ ಎರಚ್ತೀನಲ್ಲ. ಹೂವ್ಗೂ ಬಿದ್ದದೆ. ಅದ್ಕೇನಾಯ್ತು?"

ನನ್ನ ಪಿಎಚ್‌ಡಿ ಅರಿಶಿನದಲ್ಲಿ ಹೋಯಿತು, ಇನ್ನೇನಾಗಬೇಕು! ಮೇಡಂಗೆ ಯಾವ ಮುಖ ತೋರಿಸಲಿ ಎಂದು ಕಟ್ಟೆಯ ಮೇಲೆ ಕುಸಿದು ಕೂತರೆ, ತಾತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರನ್ನು ನೋಡಿ ನನಗೂ ನಗು ಬಂತು, ನಿಲ್ಲಲೇ ಇಲ್ಲ.

ಅಜ್ಜಿಗೆ ಸಿಟ್ಟು ಬಂತು. "ಎಲ್ಲಾ ನನ್ ತಲೆಗೇ ಕಟ್ಟಿ. ಮ್ಯಾಲಿನ ಕೊಂಬೇಲೂ ಅಂತದೇ ಅದೆ, ನೋಡಿ. ಅಲ್ಗಂಟ ನನ್ ಕೈ ಎಟುಕ್ತದಾ?"

ನಗು ನಿಂತಿತು. ಅಜ್ಜಿ ಇರುವುದೇ ನಾಲ್ಕೂವರೆ ಅಡಿ.

ತಾತ ಏಣಿ ಹಿಡಿದರು, ನಾನು ಹತ್ತಿದೆ. ಬೆರಳನ್ನು ನಾಲಿಗೆಗೆ ತಾಗಿಸಿ ಹೂವನ್ನು ಮೆಲ್ಲಗೆ ಒರೆಸಿದೆ. ಇನ್ನೊಮ್ಮೆ ಒರೆಸಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಹಳದಿ ಹೂವಿನಲ್ಲೇ ಇತ್ತು, ಅದರೊಳಗೆ ತೆಳುವಾದ ಕಂದು ಗೆರೆ.

"ತಾತಾ, ಹೋಗ್ತಾ ಇಲ್ಲ!"

"ಇನ್ನೊಂದ್ಸಲ ಉಜ್ಜಮ್ಮಿ!"

"ಹೋಗ್ತಾ ಇಲ್ಲ ತಾತಾ!" ಏಣಿ ಮೇಲೆಯೇ ಕುಣಿದೆ. ತಾತ ಏಣಿ ಹಿಡಿದುಕೊಂಡೇ ಕುಣಿದರು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಪ್ರಮೀಳಾ ಮೇಡಂ ಕಾಣಿಸಿದರು. ಅಜ್ಜಿ ಅರಿಶಿನದ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಏನೂ ಅರಿಯದವಳಂತೆ ನಿಂತಳು.